ಒಂದು ಪ್ಯಾಂಟಿಗೆ ಎಷ್ಟು

ಸೋಮವಾರದಿಂದ ಬುಧವಾರ ರಸಾಯನಶಾಸ್ತ್ರ.
ಗುರುವಾರ, ಶುಕ್ರವಾರ ಲೆಕ್ಕಪತ್ರ, ಮಾರುಕಟ್ಟೆ,
ಮನುಷ್ಯರನ್ನು ನಿಭಾಯಿಸುವ ವಿದ್ಯೆ.
ಶನಿವಾರ ಮುಂಡ್ರಿಗಿಯ ವಾಷಿಂಗ್ ಯೂನಿಟ್ಟಿನಲ್ಲಿ ಪ್ರಾಜೆಕ್ಟು.
ಕೋರ್ಸಿನ ಹೆಸರು ಎಷ್ಟುದ್ದವೆಂದರೆ
ಬಸ್ ಪಾಸಿನ ಫಾರ್ಮಿನಲ್ಲಿ ಚೌಕಗಳು ಸಾಲದೆ
ಕ್ಲರ್ಕು ಬರೆದ: ಎಂ.ಎಸ್ಸಿ., ಇತ್ಯಾದಿ.

ನಾನು ಆ ಇತ್ಯಾದಿ.

"ಸೈನ್ಸೋ ಕಾಮರ್ಸೋ, ಒಂದು ಹೇಳಬೇ" ಅಂದಳು ಅವ್ವ.
ಎರಡೂ ಅಂದೆ.
"ಹೋಗಲಿ ಬಿಡು, ಪ್ಯಾಂಟಿಗೂ ಕಾಲು ಎರಡು,
ಮ್ಯಾಲೆ ಎಲ್ಲೋ ಕೂಡಿದರಾತು"
ಎಂದು ಕತ್ತರಿ ಎತ್ತಿಕೊಂಡಳು.
ಕೌಲ್‌ಬಜಾರಿನ ಪಡಸಾಲೆಯಲ್ಲಿ ಜೀನ್ಸಿನ ಗುಡ್ಡ,
ಗುಡ್ಡದ ಹಿಂದೆ ಅವಳು,
ಹೊಲಿಗೆಯಿಂದ ಇಣುಕುವ ದಾರ ಕತ್ತರಿಸುತ್ತ.
ಬೆಳಿಗ್ಗೆ ಅವಳು ಬಡಿದ ರೊಟ್ಟಿಯ ಅಂಚಿಗೆ
ಒಮ್ಮೊಮ್ಮೆ ಉಗುರಗಲದ ನೀಲಿ.
ನಾವು ಅದನ್ನು ಮುರಿದು ಪಕ್ಕಕ್ಕಿಡುವುದಿಲ್ಲ.

ಯೂನಿಟ್ಟಿನಲ್ಲಿ ಖಾಜಾ ಮಾಸ್ತರರು
ತೊಟ್ಟಿಗೆ ಬೆರಳದ್ದಿ, ಎರಡು ಬೆರಳು ಉಜ್ಜಿ,
"ಆರೂವರೆ" ಅನ್ನುತ್ತಾರೆ.
ನನ್ನ ಮೀಟರು ಆರು ಪಾಯಿಂಟ್ ನಾಲ್ಕು ತೋರಿಸುತ್ತದೆ.
"ನಿಮ್ಮದು ತಣ್ಣಗಾಗಿರಬೇಕು" ಎಂದು ನಗುತ್ತಾರೆ.
ಹೊಸ ಪ್ಯಾಂಟನ್ನು ಹಳೆಯದು ಮಾಡುವುದು ಅಲ್ಲಿಯ ಕಸುಬು:
ಕಲ್ಲಿನೊಂದಿಗೆ ಉರುಳಿಸು, ಮಂಡಿಗೆ ನೇರಳೆ ಔಷಧಿ ಹೊಡಿ,
ಯಾರೂ ನಡೆಯದ ನಡಿಗೆಯ ಸವೆತ ತರು.
ಸವೆದದ್ದು ಹಿಂದಿನ ಗೋಡೆಯ ತೂತಿನಿಂದ
ನೀಲಿಯಾಗಿ ಹೊರಬಿದ್ದು
ಜಾಲಿಯ ಬೇರುಗಳ ತನಕ ಹೋಗುತ್ತದೆ.

ಅದನ್ನೇ ಬಾಟಲಿಯಲ್ಲಿ ಹಿಡಿದು
ಹನ್ನೊಂದು ಶನಿವಾರ ತೆಗೆದುಕೊಂಡೆ.
ಸುಣ್ಣ, ಪಟಕ, ಇದ್ದಿಲು.
ಹನ್ನೆರಡನೆಯ ಶನಿವಾರ
ಗಾಜಿನಾಚೆ ನನ್ನ ಬೆರಳು ಕಾಣಿಸಿತು,
ಗೆರೆಗಳ ಸಮೇತ.

ಗಾದಿಲಿಂಗಪ್ಪ ಸಾವ್ಕಾರರು ವರದಿ ತೆರೆಯಲಿಲ್ಲ.
"ಕೂತ್ಕೋ ಸುಂಕಮ್ಮ. ಒಂದು ಪ್ಯಾಂಟಿಗೆ ಎಷ್ಟು?"
ಎಪ್ಪತ್ತು ಪೈಸೆ.
ಚಹಾ ಹೇಳಿದರು. ಕೆಟ್ಟವರಲ್ಲ.
"ಡೆಲ್ಲಿ ಪಾರ್ಟಿ ನಾಲ್ಕಾಣೆ ಏರಿಸಂಗಿಲ್ಲ.
ನೀರು ಸ್ವಚ್ಛ ಆಗಬೇಕು, ಅದೂ ಖರೇನ.
ನಿನ್ನ ಪಟ್ಟಿ ತೆಗಿ, ಎಲ್ಲಿ ಸಡಿಲ ಐತಿ ನೋಡಾಣ."
ಅವರ ಬೆರಳು ನನ್ನ ಕೋಷ್ಟಕದ ಮೇಲಿಂದ ಇಳಿಯುತ್ತ
ಹದಿನಾಲ್ಕನೆಯ ಸಾಲಿನಲ್ಲಿ ನಿಂತಿತು:
ದಾರ ಕತ್ತರಿಕೆ, ಹೊರಗುತ್ತಿಗೆ, ರೂ. ೧.೫೦.
"ಇದರಾಗ ತೆಗೀಬೋದಲ್ಲ?"

ಆ ಸಾಲು ಟೈಪು ಮಾಡಿದವಳು ನಾನೇ.
ರಾತ್ರಿ ಹನ್ನೊಂದಕ್ಕೆ, ಅವಳ ಕತ್ತರಿಯ ಸಪ್ಪಳದಲ್ಲೇ,
ಆ ಗುಡ್ಡಕ್ಕೆ ಬೆನ್ನು ಕೊಟ್ಟು.
ಅವಳು ಅಲ್ಲಿದ್ದಾಳೆಂದು
ಸಾವ್ಕಾರರಿಗೆ ಗೊತ್ತಿರಲಿಲ್ಲ; ನಡುವೆ ಮೇಸ್ತ್ರಿ ಇದ್ದಾನೆ.
ನನಗೆ ಯಾರಿದ್ದರು ನಡುವೆ?

ದ್ರವ್ಯ ಎಲ್ಲಿಗೂ ಹೋಗುವುದಿಲ್ಲ ಎನ್ನುತ್ತದೆ ಸೋಮವಾರ.
ಇಲ್ಲಿ ತೆಗೆದದ್ದು ಅಲ್ಲಿ ಬರೆದಿರಲೇಬೇಕು ಎನ್ನುತ್ತದೆ ಗುರುವಾರ.
ಚಹಾ ಕೆನೆಗಟ್ಟಿತು.
ಇನ್ನೊಂದು ಶನಿವಾರ ಕೊಡಿ ಎಂದೆ.

ಖಾಜಾ ಮಾಸ್ತರರೇ ತೋರಿಸಿದರು:
ಮೂರನೆಯ ಜಾಲಾಟದ ನೀರು ಬಹುತೇಕ ತಿಳಿ,
ಅದು ಮುಂದಿನ ಗಾಣಕ್ಕೆ ಮೊದಲ ನೀರಾಗಬಹುದು.
ಅಂದರೆ ಟ್ಯಾಂಕರು ಕಡಿಮೆ.
ಅಂದರೆ ಪ್ಯಾಂಟಿಗೆ ನಲವತ್ತು ಪೈಸೆ ಉಳಿತಾಯ.
ಇಪ್ಪತ್ತು ವರ್ಷದಿಂದ ಗೊತ್ತಿತ್ತಂತೆ ಅವರಿಗೆ.
"ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಉಳಿದದ್ದು ಮೂವತ್ತು ಪೈಸೆ.
ವಸುಂಧರಾ ಮೇಡಂ ಅಂಚಿನಲ್ಲಿ ಕೆಂಪಿನಿಂದ ಬರೆದಿದ್ದಾರೆ:
ಉತ್ತಮ. ಪೂರ್ಣಾಂಕಕ್ಕೆ ತನ್ನಿ.
ತಂದರೆ ಅದು ಸೊನ್ನೆ.

ಅವ್ವನಿಗೆ ಓದಿ ಹೇಳಿದೆ, ಹದಿನಾಲ್ಕನೆಯ ಸಾಲನ್ನೂ ಬಿಡದೆ.
ನಾನು ಕ್ಯಾಲ್ಕುಲೇಟರು ಹುಡುಕುವಷ್ಟರಲ್ಲಿ
"ದಿನಕ್ಕ ಇನ್ನೂರು ಪ್ಯಾಂಟು," ಅಂದಳು,
"ಅರವತ್ತು ರೂಪಾಯಿ. ಅದು ಸೊನ್ನೆ ಹೆಂಗಾಕ್ಕತಿ?"
ಆಮೇಲೆ, ದಾರ ಹಲ್ಲಿನಿಂದ ಕಡಿದು,
"ನೀರು ತಿಳಿಯಾತೇನು, ಖರೇನ?"

ಕಿಟಕಿಯಲ್ಲಿದ್ದ ಬಾಟಲಿ ಅವಳ ಕೈಗೆ ಕೊಟ್ಟೆ.
ದೀಪಕ್ಕೆ ಹಿಡಿದು ನೋಡಿದಳು, ಬಹಳ ಹೊತ್ತು,
ನೀಲಿ ಉಗುರಿನ ಆ ಬೆರಳುಗಳಲ್ಲಿ.